ನಕ್ಷೆಯಿಂದ ಕರೆಂಟಿನವರೆಗೆ: ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗೆ ಬಿಗಿಯಾದ ನಿಯಮಗಳು

ಮೀರತ್‌ನ ಶಾಸ್ತ್ರಿನಗರದಲ್ಲಿ ವಾಸಕ್ಕೆಂದು ಹಂಚಿಕೆಯಾದ ನಿವೇಶನವೊಂದರಲ್ಲಿ ಅಂಗಡಿಗಳು ಎದ್ದಿದ್ದವು. ಅವುಗಳನ್ನು ಕೆಡವಬೇಕೇ ಉಳಿಸಬೇಕೇ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಕೆಡವಲೇಬೇಕು ಎಂದಷ್ಟಕ್ಕೆ ನ್ಯಾಯಾಲಯ ನಿಲ್ಲಲಿಲ್ಲ. ಇಡೀ ದೇಶದ ಸ್ಥಳೀಯ ಸಂಸ್ಥೆಗಳಿಗೆ, ವಿದ್ಯುತ್ ಕಂಪನಿಗಳಿಗೆ, ಬ್ಯಾಂಕುಗಳಿಗೆ ಒಂದಿಷ್ಟು ನಿರ್ದೇಶನಗಳನ್ನು ಕೊಟ್ಟಿತು. ಕಟ್ಟಡ ಪೂರ್ಣಗೊಂಡ ಅಥವಾ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂಬುದು ಅವುಗಳಲ್ಲಿ ಒಂದು.

ಆ ಒಂದು ವಾಕ್ಯ 2025ರಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಬಂದು ಮುಟ್ಟಿತು. ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಒ.ಸಿ., ಇಲ್ಲದ ಹೊಸ ಕಟ್ಟಡಗಳಿಗೆ ಕಾಯಂ ವಿದ್ಯುತ್ ಸಂಪರ್ಕ ಕೊಡುವುದನ್ನು ವಿದ್ಯುತ್ ಕಂಪನಿಗಳು ನಿಲ್ಲಿಸಿದವು. ಬಣ್ಣ ಹೊಡೆದು, ಗೃಹಪ್ರವೇಶ ಮುಗಿಸಿ, ಸಾಲದ ಕಂತು ಕಟ್ಟಲು ಶುರುಮಾಡಿದ್ದ ಕುಟುಂಬಗಳು ನಿರ್ಮಾಣ ಕಾಮಗಾರಿಗೆಂದು ಪಡೆದಿದ್ದ ತಾತ್ಕಾಲಿಕ ಸಂಪರ್ಕದಲ್ಲೇ, ಅದರ ಹೆಚ್ಚಿನ ದರ ತೆತ್ತು ದಿನ ದೂಡಬೇಕಾಯಿತು. ಅವರಲ್ಲಿ ಬಹುತೇಕರು ವಂಚಕರಲ್ಲ. ಒ.ಸಿ. ಎಂಬುದು ಕಟ್ಟಿ ಮುಗಿದ ಮೇಲೆ ಯಾರನ್ನಾದರೂ ಹಿಡಿದು ಮಾಡಿಸಿಕೊಳ್ಳುವ ಕಾಗದ ಎಂದು ಅವರಿಗೆ ಮೇಸ್ತ್ರಿ ಹೇಳಿದ್ದ, ಪಕ್ಕದ ಮನೆಯವರು ಹೇಳಿದ್ದರು. ಎಷ್ಟೋ ಕಡೆ ಎಂಜಿನಿಯರೇ ಹೇಳಿದ್ದರು. ಈ ನಂಬಿಕೆಯೇ ತಪ್ಪು. ಒ.ಸಿ. ಸಿಗುತ್ತದೋ ಇಲ್ಲವೋ ಎಂಬುದು ಪಾಯ ಹಾಕುವ ವಾರದಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿಬಿಟ್ಟಿರುತ್ತದೆ. ಹೇಗೆ ಎಂಬುದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಈ ಲೇಖನ.

ಯಾವ ಕಾಗದ ಯಾವುದಕ್ಕೆ

ಮೊದಲು ಒಂದು ಗೊಂದಲವನ್ನು ತೆಗೆಯೋಣ. ಖಾತಾ ಬೇರೆ, ಕಟ್ಟಡ ಪರವಾನಗಿ ಬೇರೆ. ಖಾತಾ ಎಂದರೆ ತೆರಿಗೆ ವಸೂಲಿಗಾಗಿ ಪಾಲಿಕೆ ಇಟ್ಟುಕೊಂಡಿರುವ ಆಸ್ತಿಯ ಲೆಕ್ಕ. ಇ-ಖಾತಾ ಬಂದಿದೆ, ಆಸ್ತಿ ತೆರಿಗೆ ಚೊಕ್ಕವಾಗಿ ಕಟ್ಟಿದ್ದೇವೆ, ಆದ್ದರಿಂದ ಮನೆ ಸಕ್ರಮ ಎಂದು ತಿಳಿದವರು ಬೇಕಾದಷ್ಟು ಜನ. ಅಕ್ರಮ ಕಟ್ಟಡದಿಂದಲೂ ಪಾಲಿಕೆ ತೆರಿಗೆ ಪಡೆಯುತ್ತದೆ. ತೆರಿಗೆ ಪಡೆದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ.

ಕಟ್ಟಲು ಬೇಕಾದದ್ದು ಮಂಜೂರಾದ ನಕ್ಷೆ ಮತ್ತು ಅದರೊಂದಿಗಿನ ಪರವಾನಗಿ. ಕೆಲಸ ಶುರುವಾದ ಮೇಲೆ ಪ್ರಾರಂಭಿಕ ಪ್ರಮಾಣಪತ್ರ, ಅಂದರೆ ಸಿ.ಸಿ. ಮುಗಿದ ಮೇಲೆ ಒ.ಸಿ. ಇವು ಸರಪಳಿಯ ಕೊಂಡಿಗಳು. ನಡುವಿನ ಸಿ.ಸಿ.ಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಪರದಾಟ ಅಲ್ಲಿಂದ ಶುರುವಾಗುತ್ತದೆ.

ಯಾವ ಕಚೇರಿಗೆ ಹೋಗಬೇಕು ಎಂಬುದೂ ಬದಲಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಬೆಂಗಳೂರು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿದೆ. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದುಕೊಂಡು, ಅಲ್ಲಿನ ನಗರ ಯೋಜನಾ ವಿಭಾಗದಲ್ಲಿ ವಿಚಾರಿಸುವುದು ಮೊದಲ ಕೆಲಸ. ನಗರದಲ್ಲಿ ಈಗ ನಿಂತಿರುವ ಮನೆಗಳ ಪರವಾನಗಿಗಳ ಹಿಂದೆ ಮುಖ್ಯವಾಗಿ ಇರುವುದು 2003ರ ಕಟ್ಟಡ ಉಪವಿಧಿಗಳು ಮತ್ತು ‘ಪರಿಷ್ಕೃತ ಮಹಾಯೋಜನೆ 2015’ರ (ನಗರದ ಮಾಸ್ಟರ್ ಪ್ಲಾನ್) ವಲಯ ನಿಯಮಗಳು. ಮುಂದಿನ ಲೆಕ್ಕಗಳೆಲ್ಲ ಇವುಗಳ ಮೇಲೆ ನಿಂತಿವೆ. ತಿದ್ದುಪಡಿಗಳು ಬರುತ್ತಲೇ ಇರುವುದರಿಂದ, ನಕ್ಷೆ ಬರೆಸುವ ಮುನ್ನ ಆ ದಿನಕ್ಕೆ ಜಾರಿಯಲ್ಲಿರುವ ಕೋಷ್ಟಕವನ್ನು ಎಂಜಿನಿಯರ್ ಕೈಯಲ್ಲಿ ತರಿಸಿ ನೋಡಿ.

ಮೂವತ್ತು-ನಲವತ್ತರ ಲೆಕ್ಕ

ಬೆಂಗಳೂರಿನ ಮಧ್ಯಮ ವರ್ಗದ ಕನಸಿನ ಅಳತೆ ಮೂವತ್ತು-ನಲವತ್ತರ ಸೈಟು. 1,200 ಚದರಡಿ, ಮೀಟರಿನಲ್ಲಿ ಸುಮಾರು 111 ಚದರ ಮೀಟರ್. ಮಹಾಯೋಜನೆಯ ವಾಸದ ವಲಯದಲ್ಲಿ 360 ಚದರ ಮೀಟರ್‌ವರೆಗಿನ, 12 ಮೀಟರ್‌ವರೆಗಿನ ರಸ್ತೆಗೆ ಹೊಂದಿಕೊಂಡ ನಿವೇಶನಗಳಿಗೆ ಎರಡು ಮಿತಿಗಳಿವೆ. ಕಟ್ಟಡ ನೆಲದ ಶೇ 75ರಷ್ಟನ್ನು ಮಾತ್ರ ಆವರಿಸಬಹುದು. ಎಲ್ಲ ಮಹಡಿಗಳನ್ನು ಕೂಡಿಸಿದರೆ ನಿವೇಶನದ ಅಳತೆಯ 1.75 ಪಟ್ಟು ಮೀರಬಾರದು. ಇದಕ್ಕೆ ಎಫ್‌ಎಆರ್ ಎನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ನೆಲದ ಮೇಲೆ 900 ಚದರಡಿ. ಒಟ್ಟು 2,100 ಚದರಡಿ. ಅಂದರೆ ಎರಡು ಪೂರ್ತಿ ಮಹಡಿ, ಅದರ ಮೇಲೆ 300 ಚದರಡಿಯ ಒಂದು ಕೋಣೆ. ವಾಹನ ನಿಲುಗಡೆಗೆಂದೇ ಬಿಟ್ಟ ಸ್ಟಿಲ್ಟ್ ಮಹಡಿ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಈಗ ನಿಮ್ಮ ಬೀದಿಯ ಮೂವತ್ತು-ನಲವತ್ತರ ಸೈಟುಗಳನ್ನು ಒಮ್ಮೆ ನೋಡಿ. ನೆಲಮಹಡಿಯಲ್ಲಿ ಎರಡು ಬಾಡಿಗೆ ಮನೆ, ಮೇಲೆ ಮೂರು ಮಹಡಿ, ಅದರ ಮೇಲೆ ಪೆಂಟ್‌ಹೌಸ್. ಇಂತಹ ಮನೆ ಕಟ್ಟಿದವರ ಕಪಾಟಿನಲ್ಲೂ ಮಂಜೂರಾದ ನಕ್ಷೆ ಇರುತ್ತದೆ. ಅದರಲ್ಲಿರುವುದು ಬೇರೆ ಮನೆ.

ನಕ್ಷೆಯಲ್ಲಿ ಒಂದು, ನೆಲದ ಮೇಲೆ ಇನ್ನೊಂದು ಎಂಬ ಈ ರೂಢಿ ಬೆಳೆದದ್ದಕ್ಕೆ ಮಾಲೀಕರನ್ನಷ್ಟೇ ದೂರಲಾರೆ. ತಪಾಸಣೆ ನಡೆಯಬೇಕಾದ ಹೊತ್ತಿನಲ್ಲಿ ನಡೆಯದಿದ್ದದ್ದು ದೊಡ್ಡ ಕಾರಣ. ಆದರೆ ಅದರ ಬೆಲೆ ತೆರುವವರು ಕಟ್ಟಿದವರು ಮತ್ತು ಅಲ್ಲಿ ದುಡಿಯುವವರು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಬಿದ್ದ ಬಹುಮಹಡಿ ಕಟ್ಟಡದಡಿ ಸಿಲುಕಿ ಸತ್ತವರು ಹೊಟ್ಟೆಪಾಡಿಗೆ ಬಂದಿದ್ದ ಕೂಲಿಕಾರರು. ಮೂರು ಮಹಡಿಗೆಂದು ಲೆಕ್ಕ ಹಾಕಿದ ಅಡಿಪಾಯ ಮತ್ತು ಕಂಬದ ಮೇಲೆ ಐದನೆಯ ಮಹಡಿ ಏರಿಸುವವರು ಈ ಸಾವುಗಳನ್ನು ನೆನೆಯಬೇಕು.

ಒಂದು ಮೀಟರ್‌ನ ಬೆಲೆ

ಸೆಟ್‌ಬ್ಯಾಕ್ ಎಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ. ಎಷ್ಟು ಬಿಡಬೇಕು ಎಂಬುದು ನಿವೇಶನದ ಅಗಲ, ಉದ್ದ, ಕಟ್ಟಡದ ಎತ್ತರದ ಮೇಲೆ ನಿಂತಿರುತ್ತದೆ. ನಿಮ್ಮ ನಕ್ಷೆಯಲ್ಲಿ ಒಂದು ಬದಿಗೆ ಒಂದು ಮೀಟರ್ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಪಕ್ಕದವರೂ ಒಂದು ಮೀಟರ್ ಬಿಟ್ಟರೆ ನಡುವೆ ಎರಡು ಮೀಟರ್‌ನ ಓಣಿ ಉಳಿಯುತ್ತದೆ. ಅಡುಗೆಮನೆಗೆ ಬೆಳಕು, ಮಲಗುವ ಕೋಣೆಗೆ ಗಾಳಿ ಬರುವುದು, ಬೆಂಕಿ ಬಿದ್ದರೆ ಹಿಂದಿನಿಂದ ಹೊರಬರುವುದು ಅದೇ ಓಣಿಯಿಂದ.

ಈ ಒಂದು ಮೀಟರ್ ಕಾಣೆಯಾಗುವುದು ಹೀಗೆ. ಕ್ರಯಪತ್ರದಲ್ಲಿ ಸೈಟಿನ ಅಗಲ ಮೂವತ್ತು ಅಡಿ ಎಂದಿರುತ್ತದೆ, ನೆಲದ ಮೇಲೆ ಅಳೆದರೆ ಇಪ್ಪತ್ತೊಂಬತ್ತೂವರೆ ಬರುತ್ತದೆ. ಮೇಸ್ತ್ರಿ ಗಡಿಕಲ್ಲಿನ ಬದಲು ಪಕ್ಕದವರ ಕಾಂಪೌಂಡ್ ಗೋಡೆಯಿಂದ ದಾರ ಹಿಡಿಯುತ್ತಾನೆ. ಅಲ್ಲಿಗೆ ಅರ್ಧ ಅಡಿ ಹೋಯಿತು. ಕಂಬಗಳು ಅದೇ ದಾರಕ್ಕೆ ನಿಲ್ಲುತ್ತವೆ. ಮೊದಲ ಮಹಡಿಯ ಮೋಲ್ಡ್ ಹಾಕುವಾಗ, ಕೋಣೆ ಚಿಕ್ಕದಾಯಿತು ಎಂದು ಸ್ಲ್ಯಾಬನ್ನು ಎರಡು ಅಡಿ ಹೊರಗೆ ಚಾಚಿ ಅದರ ತುದಿಯಲ್ಲಿ ಗೋಡೆ ಎಬ್ಬಿಸುತ್ತಾರೆ. ನೆಲದಲ್ಲಿ ನಿಂತು ನೋಡಿದರೆ ಖಾಲಿ ಜಾಗ ಇದೆಯಲ್ಲ ಎನಿಸುತ್ತದೆ, ತಲೆಯೆತ್ತಿದರೆ ಆಕಾಶವಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಕಣ್ಣಿಗೆ ಹೆಚ್ಚು ಬೀಳುವ ಉಲ್ಲಂಘನೆ ಇದೇ.

ಬಾಲ್ಕನಿಗೆ ಬೇರೆಯದೇ ನಿಯಮವಿದೆ. ಆ ಬದಿಯ ಸೆಟ್‌ಬ್ಯಾಕ್‌ನ ಮೂರನೆಯ ಒಂದು ಭಾಗಕ್ಕಿಂತ ಅದು ಮುಂದೆ ಚಾಚಬಾರದು, ನೆಲಮಹಡಿಯಲ್ಲಿ ಇರಲೇಬಾರದು. ಒಂದು ಮೀಟರ್ ಸೆಟ್‌ಬ್ಯಾಕ್ ಇದ್ದರೆ ಬಾಲ್ಕನಿಗೆ ಸಿಗುವುದು ಒಂದಡಿ ಚಿಲ್ಲರೆ. ಅಷ್ಟರಲ್ಲಿ ಕುರ್ಚಿ ಹಾಕಲಾಗದು ಎಂಬುದು ನಿಜ. ಬಾಲ್ಕನಿ ಬೇಕೇಬೇಕು ಎನ್ನುವವರು ಅದನ್ನು ಸೆಟ್‌ಬ್ಯಾಕ್ ಬಿಟ್ಟು, ತಮ್ಮ ಕಟ್ಟಡದ ಅಂಚಿನೊಳಗೇ ಯೋಜಿಸಿಕೊಳ್ಳಬೇಕು.

ಇನ್ನು ಶೇ 5ರ ವಿನಾಯಿತಿಯ ಮಾತು. ಸೆಟ್‌ಬ್ಯಾಕ್, ನೆಲದ ಆವರಿಕೆ, ಎಫ್‌ಎಆರ್, ಎತ್ತರ ಈ ನಾಲ್ಕರಲ್ಲಿ ಶೇ 5ರೊಳಗಿನ ವ್ಯತ್ಯಾಸವನ್ನು, ಕೆಡವಿದರೆ ಕಟ್ಟಡದ ಭದ್ರತೆಗೇ ಧಕ್ಕೆಯಾಗುವಂತಿದ್ದರೆ, ಕಾರಣ ದಾಖಲಿಸಿ, ಪರಿಷ್ಕೃತ ನಕ್ಷೆ ಮಂಜೂರು ಮಾಡಿ, ಶುಲ್ಕ ಪಡೆದು ಸಕ್ರಮಗೊಳಿಸಬಹುದು ಎಂದು 2003ರ ಉಪವಿಧಿಗಳು ಹೇಳುತ್ತವೆ. ಜನ ಇದನ್ನು ಹಕ್ಕು ಎಂದುಕೊಂಡಿದ್ದಾರೆ. ಅದು ಆಯುಕ್ತರ ವಿವೇಚನೆಗೆ ಬಿಟ್ಟ ಅಧಿಕಾರ. ಅದಕ್ಕಿಂತ ಮುಖ್ಯವಾಗಿ, ಒಂದು ಮೀಟರ್‌ನ ಶೇ 5 ಎಂದರೆ ಐದು ಸೆಂಟಿಮೀಟರ್, ಎರಡೇ ಅಂಗುಲ. ಹೊರಗೋಡೆಯ ಗಾರೆಯೇ ಅದರ ಒಂದು ಪಾಲನ್ನು ತಿಂದುಬಿಡುತ್ತದೆ. ಮಂಜೂರಾದ ನಕ್ಷೆಯೇ ಇಲ್ಲದ ಕಟ್ಟಡಗಳಿಗೆ, ಮಂಜೂರಾತಿ ವೇಳೆ ಅಧಿಕಾರಿಗಳು ಹೊಡೆದುಹಾಕಿದ ಭಾಗವನ್ನು ಮತ್ತೆ ಕಟ್ಟಿದವರಿಗೆ ಈ ಅವಕಾಶವೂ ಇಲ್ಲ.

ಅಕ್ರಮ-ಸಕ್ರಮ ಬರುತ್ತದೆ ಎಂದು ಕಾಯುವವರಿಗೆ ಒಂದು ಮಾತು. 2013ರ ಅಕ್ಟೋಬರ್ 19ರವರೆಗಿನ ಉಲ್ಲಂಘನೆಗಳನ್ನು, ವಾಸದ ಕಟ್ಟಡಗಳಲ್ಲಿ ಶೇ 50ರವರೆಗೆ, ದಂಡ ಪಡೆದು ಸಕ್ರಮಗೊಳಿಸುವ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2013ರ ಆ ದಿನಾಂಕದ ನಂತರ ಕಟ್ಟಿದವರಿಗೆ ಅದು ಎಂದೂ ಅನ್ವಯವೇ ಆಗುತ್ತಿರಲಿಲ್ಲ. ಇಂದು ಪಾಯ ತೋಡುವವರು ಅದನ್ನು ನಂಬಿ ಕಟ್ಟಬಾರದು.

ತಪಾಸಣೆಗೆ ನೀವೇ ಕರೆಯಿರಿ

ನಿಯಮದ ಪ್ರಕಾರ ಪಾಯ ಮುಗಿಯುವ ಹಂತದಲ್ಲಿ ಪಾಲಿಕೆಗೆ ಲಿಖಿತವಾಗಿ ತಿಳಿಸಬೇಕು, ಅಧಿಕಾರಿಗಳು ಬಂದು ಅಳೆದು ಸಿ.ಸಿ. ಕೊಡಬೇಕು. ಒ.ಸಿ. ಅರ್ಜಿ ಪರಿಶೀಲಿಸುವಾಗ, ಮಾಲೀಕರು ಸಿ.ಸಿ. ಪಡೆದಿದ್ದರೇ ಎಂಬುದನ್ನು ನೋಡಬೇಕು ಎಂದು ಉಪವಿಧಿಯಲ್ಲೇ ಬರೆದಿದೆ. ಸಿ.ಸಿ. ತೆಗೆದುಕೊಳ್ಳದೆ ಮುಂದೆ ಹೋದವರು ಕೊನೆಯಲ್ಲಿ ಸಿಕ್ಕಿಬೀಳುವುದು ಇದೇ ಕಾರಣಕ್ಕೆ.

ಅಧಿಕಾರಿ ಮನೆ ಹತ್ತಿರ ಬಂದರೆ ತೊಂದರೆ ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಹಣ ಕೇಳುತ್ತಾರೆ ಎಂಬ ಆತಂಕವೂ ಸುಳ್ಳಲ್ಲ. ಹಾಗಿದ್ದರೂ ಈ ಒಂದು ಹಂತದಲ್ಲಿ ಅವರನ್ನು ನೀವೇ ಕರೆಯಬೇಕು ಎಂದು ಒತ್ತಿ ಹೇಳುತ್ತೇನೆ. ಕಂಬದ ಗುಂಡಿಗೆ ಕಾಂಕ್ರೀಟ್ ಸುರಿಯುವ ಮೊದಲು ದಾರ ಒಂದಡಿ ಸರಿಸಲು ಖರ್ಚಾಗುವುದು ಮೇಸ್ತ್ರಿಯ ಅರ್ಧ ದಿನದ ಕೂಲಿ. ಅದೇ ಒಂದಡಿಯನ್ನು ಮೂರನೆಯ ಮಹಡಿ ಎದ್ದ ಮೇಲೆ ಸರಿಪಡಿಸಲು ಕಂಬವನ್ನೇ ಕಡಿಯಬೇಕು. ಅರ್ಜಿಯನ್ನು ಆನ್‌ಲೈನ್‌ನಲ್ಲೋ ಕಚೇರಿಯಲ್ಲೋ ಸಲ್ಲಿಸಿ, ಸ್ವೀಕೃತಿ ತೆಗೆದುಕೊಂಡು, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಯಾರೂ ಬರದಿದ್ದರೆ ಆ ಸ್ವೀಕೃತಿಯೇ ನಿಮ್ಮ ಸಾಕ್ಷಿ.

ಇದಕ್ಕೆ ಮೊದಲೇ ಒಬ್ಬ ಸರ್ವೇಯರ್ ಕರೆಸಿ ನಿವೇಶನದ ನಾಲ್ಕು ಮೂಲೆಗಳನ್ನು ಗುರುತಿಸಿ. ಪಕ್ಕದಲ್ಲಿ ರಾಜಕಾಲುವೆ ಇದ್ದರೆ, ಈಗ ಒಣಗಿ ಮುಚ್ಚಿಹೋಗಿದ್ದರೂ, ಹಳೆಯ ಗ್ರಾಮ ನಕ್ಷೆಯಲ್ಲಿ ಅದರ ಗುರುತು ನೋಡಿ. ಕಾಲುವೆಯ ಬಫರ್, ಅಂದರೆ ಅದರ ಅಂಚಿನಲ್ಲಿ ಕಟ್ಟದೆ ಬಿಡಬೇಕಾದ ಜಾಗದ ಒಳಗೆ ಬಿದ್ದ ನಿವೇಶನಕ್ಕೆ ಮುಂದೆ ಯಾವ ಕಾಗದವೂ ರಕ್ಷಣೆ ಕೊಡುವುದಿಲ್ಲ.

ಕಟ್ಟಡದ ಕೆಲಸ ನಡೆಯುವಷ್ಟು ಕಾಲವೂ ಮಂಜೂರಾದ ನಕ್ಷೆಯ ಪ್ರತಿಯನ್ನು ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು, ಅಧಿಕಾರಿಗಳು ಕಾಲಕಾಲಕ್ಕೆ ಬಂದು ನೋಡಿ ದಾಖಲೆ ಇಡಬೇಕು ಎಂಬುದೂ 2024ರ ತೀರ್ಪಿನ ನಿರ್ದೇಶನ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬೀದಿಯ ಜನ ನಕ್ಷೆಯನ್ನೂ ಕಟ್ಟಡವನ್ನೂ ಹೋಲಿಸಿ ನೋಡುವಂತಾದರೆ ಅರ್ಧ ಉಲ್ಲಂಘನೆ ಅಲ್ಲೇ ನಿಲ್ಲುತ್ತದೆ.

ಪರವಾನಗಿ ಸಿಕ್ಕ ದಿನದಿಂದ ಐದು ವರ್ಷದೊಳಗೆ ಕಟ್ಟಡ ಮುಗಿಸಬೇಕು. ಮುಗಿದ ಒಂದು ತಿಂಗಳೊಳಗೆ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ದೃಢೀಕರಣದೊಂದಿಗೆ ಪಾಲಿಕೆಗೆ ತಿಳಿಸಿ ಒ.ಸಿ.ಗೆ ಅರ್ಜಿ ಹಾಕಬೇಕು. ಮೂವತ್ತು ದಿನದೊಳಗೆ ಸ್ಥಳ ತಪಾಸಣೆ ನಡೆಸಿ ಒಪ್ಪಿಗೆಯನ್ನೋ ತಿರಸ್ಕಾರವನ್ನೋ ತಿಳಿಸುವುದು ಪಾಲಿಕೆಯ ಹೊಣೆ. ಬಂದವರು ಟೇಪು ಹಿಡಿದು ಸೆಟ್‌ಬ್ಯಾಕ್ ಅಳೆಯುತ್ತಾರೆ, ಮಹಡಿ ಎಣಿಸುತ್ತಾರೆ, ವಾಹನ ನಿಲುಗಡೆಯ ಜಾಗದಲ್ಲಿ ಅಂಗಡಿಯೋ ಮನೆಯೋ ಆಗಿದೆಯೇ ನೋಡುತ್ತಾರೆ. ಮಳೆನೀರು ಸಂಗ್ರಹದ ವ್ಯವಸ್ಥೆಯನ್ನು ಮರೆಯಬೇಡಿ. ಮೂವತ್ತು-ನಲವತ್ತರ ಹೊಸ ಮನೆಗಳಿಗೂ ಅದು ಕಡ್ಡಾಯ, ಕೇಳುವವರು ಜಲಮಂಡಳಿ. ಎತ್ತರದ ಕಟ್ಟಡವಾದರೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇರೆ ಬೇಕು.

ಚಿಕ್ಕ ನಿವೇಶನಗಳಿಗೆ ಸಿಕ್ಕ ಬಿಡುವು

ಕರೆಂಟಿಲ್ಲದ ಮನೆಗಳ ಸಂಖ್ಯೆ ಬೆಳೆದು ಒತ್ತಡ ಹೆಚ್ಚಿದಾಗ, 2025ರಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನಗಳಲ್ಲಿ ನೆಲಮಹಡಿ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿಯ ವಾಸದ ಮನೆಗಳಿಗೆ ಒ.ಸಿ. ಪಡೆಯುವುದರಿಂದ ವಿನಾಯಿತಿ ಕೊಟ್ಟಿತು. ಬಡ ಮತ್ತು ಮಧ್ಯಮ ವರ್ಗಕ್ಕೆ ಇದು ದೊಡ್ಡ ನೆಮ್ಮದಿ. ಆದರೆ ವಿನಾಯಿತಿ ಇರುವುದು ಪ್ರಮಾಣಪತ್ರಕ್ಕೆ. ನಕ್ಷೆ ಮಂಜೂರಾತಿಯಿಂದಾಗಲಿ, ಸೆಟ್‌ಬ್ಯಾಕ್‌ನಿಂದಾಗಲಿ ಅದು ಯಾರನ್ನೂ ಬಿಡುಗಡೆ ಮಾಡಿಲ್ಲ. ಅದೇ ಸೈಟಿನಲ್ಲಿ ಇನ್ನೊಂದು ಮಹಡಿ ಏರಿಸಿದರೆ, ಕೆಳಗೆ ಅಂಗಡಿ ಹಾಕಿದರೆ ವಿನಾಯಿತಿಯ ಚೌಕಟ್ಟಿನಿಂದ ಹೊರಬಿದ್ದಂತೆ.

ನಕ್ಷೆ ಮಂಜೂರಾತಿಯೂ ಮೊದಲಿಗಿಂತ ಹಗುರವಾಗಿದೆ. 2024ರಲ್ಲಿ ಶುರುವಾದ ‘ನಂಬಿಕೆ ನಕ್ಷೆ’ಯಲ್ಲಿ ಐವತ್ತು-ಎಂಬತ್ತರವರೆಗಿನ ನಿವೇಶನಗಳಿಗೆ ಪಾಲಿಕೆಯ ಪಟ್ಟಿಯಲ್ಲಿರುವ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮೂಲಕವೇ ಆನ್‌ಲೈನ್‌ನಲ್ಲಿ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ, ದಾಖಲೆಗಳ ಪರಿಶೀಲನೆ ಅದರ ನಂತರ. ಅನುಕೂಲ ಹೌದು. ಅದರ ಇನ್ನೊಂದು ಮುಖವನ್ನೂ ತಿಳಿದಿರಿ: ನಕ್ಷೆಯಲ್ಲಿ ಅಥವಾ ದಾಖಲೆಯಲ್ಲಿ ತಪ್ಪಿದ್ದರೆ ಅದು ಬೆಳಕಿಗೆ ಬರುವ ಹೊತ್ತಿಗೆ ನಿಮ್ಮ ಪಾಯ ಎದ್ದಿರಬಹುದು. ಆದ್ದರಿಂದ ಎಂಜಿನಿಯರ್ ಆಯ್ಕೆಯಲ್ಲಿ ಶುಲ್ಕಕ್ಕಿಂತ ಅವರ ಹಿಂದಿನ ಕೆಲಸ ಮುಖ್ಯ. ಅವರು ನಕ್ಷೆ ಮಾಡಿಸಿದ ಮನೆಗಳಲ್ಲಿ ಎಷ್ಟಕ್ಕೆ ಒ.ಸಿ. ಬಂದಿದೆ ಎಂದು ನೇರವಾಗಿ ಕೇಳಿ.

ನೋಟಿಸ್ ಬಂದರೆ ಅದನ್ನು ಕಪಾಟಿನಲ್ಲಿ ಮಡಚಿಡಬೇಡಿ. ಪಾಲಿಕೆ ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ ಕಾರಣ ಕೇಳುತ್ತದೆ. ನಿಮ್ಮ ಉತ್ತರ ನೋಡಿದ ಮೇಲೆ ಅದನ್ನು ಸ್ಥಿರೀಕರಿಸುತ್ತದೆ. ಉತ್ತರ ಕೊಡದವರ ವಿರುದ್ಧ ಆದೇಶ ಸುಲಭವಾಗಿ ಸ್ಥಿರವಾಗುತ್ತದೆ. 2024ರ ನವೆಂಬರ್ 13ರ ಇನ್ನೊಂದು ತೀರ್ಪಿನಲ್ಲಿ, ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು, ಮಾಲೀಕರ ಮಾತು ಕೇಳಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ರಸ್ತೆ, ಪಾದಚಾರಿ ಮಾರ್ಗದಂತಹ ಸಾರ್ವಜನಿಕ ಜಾಗ ಒತ್ತುವರಿ ಮಾಡಿದವರಿಗೆ ಈ ರಕ್ಷಣೆ ಇಲ್ಲ.

ಕಟ್ಟಿದ ಮನೆ ಅಥವಾ ಫ್ಲ್ಯಾಟ್ ಕೊಳ್ಳುವವರಿಗೂ ಇದೆಲ್ಲ ಅನ್ವಯ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಒ.ಸಿ. ಪಡೆದು ಕೊಡುವುದು ಬಿಲ್ಡರ್‌ನ ಹೊಣೆ. ಅರ್ಜಿ ಹಾಕಿದ್ದೇವೆ, ಬರುತ್ತದೆ ಎಂಬ ಮಾತಿಗೆ ಕೀಲಿ ಕೈ ಪಡೆಯಬೇಡಿ. ಕಟ್ಟಡವನ್ನು ಆಧಾರವಾಗಿಟ್ಟುಕೊಂಡು ಸಾಲ ಕೊಡುವ ಬ್ಯಾಂಕುಗಳೂ ಪ್ರಮಾಣಪತ್ರ ನೋಡಿಯೇ ಕೊಡಬೇಕು ಎಂದು ನ್ಯಾಯಾಲಯ ಹೇಳಿರುವುದರಿಂದ, ಮುಂದೆ ನಿಮ್ಮಿಂದ ಕೊಳ್ಳುವವರಿಗೆ ಸಾಲ ಸಿಗದೆ ಮಾರಾಟವೇ ನಿಲ್ಲಬಹುದು. ಹಳೆಯ ಮನೆಯ ಮೇಲೆ ಮಹಡಿ ಏರಿಸುವವರು ಹೊಸದಾಗಿ ನಕ್ಷೆ ಮಂಜೂರು ಮಾಡಿಸಬೇಕು, ಅದಕ್ಕೂ ಮೊದಲು ಕಂಬ ಮತ್ತು ಪಾಯ ಆ ಭಾರ ಹೊರುತ್ತವೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬರಹದಲ್ಲಿ ಪಡೆಯಬೇಕು.

ಈಗಷ್ಟೇ ಕಟ್ಟಲು ಹೊರಟವರು ಒಂದು ಕಡತ ತೆರೆಯಿರಿ. ಕ್ರಯಪತ್ರ, ಖಾತಾ, ಮಂಜೂರಾದ ನಕ್ಷೆ, ಶುಲ್ಕದ ರಸೀದಿಗಳು, ಪಾಯದ ಹಂತದಲ್ಲಿ ಕೊಟ್ಟ ಅರ್ಜಿಯ ಸ್ವೀಕೃತಿ ಅದರಲ್ಲಿರಲಿ. ಪಾಯದ ಗುಂಡಿ, ಕಂಬದ ಕಬ್ಬಿಣ, ಪ್ರತಿ ಬದಿಯ ಸೆಟ್‌ಬ್ಯಾಕ್‌ಗೆ ಟೇಪು ಹಿಡಿದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ದಿನಾಂಕದ ಸಮೇತ ಅಚ್ಚು ಹಾಕಿಸಿ ಅದೇ ಕಡತಕ್ಕೆ ಸೇರಿಸಿ. ಗೋಡೆಗೆ ಗಾರೆ ಹಚ್ಚುವ ಮೊದಲು ಇನ್ನೊಮ್ಮೆ ಅಳೆಯಿರಿ. ಅಷ್ಟರೊಳಗೆ ಏನಾದರೂ ತಪ್ಪಿದ್ದರೆ ಒಡೆಯಬೇಕಾದದ್ದು ಬರಿಯ ಇಟ್ಟಿಗೆ.